ಬೆಳ್ಳಿಯ ಕೆಚ್ಚಲು, ಅಪ್ಪನ ನಾಡಿ

ಸೊಣ್ಣಪ್ಪ ಮಗಳ ವೇಲು ಹೊದ್ದುಕೊಂಡು ಹಾಲು ಕರೆಯಲು ಕೂತಿದ್ದನ್ನು ನಂದಗುಡಿ ಪಕ್ಕದ ಆ ಊರಲ್ಲಿ ನೋಡದವರಿಲ್ಲ, ನೋಡದವರಿಗೆ ಹೇಳದವರೂ ಇಲ್ಲ. ಹಸು ಒಬ್ಬರ ಕೈಗೇ ಒಗ್ಗಿಬಿಟ್ಟರೆ ಅವರ ಬಟ್ಟೆ ಉಟ್ಟು ಅದನ್ನು ಏಮಾರಿಸೋದು ಆ ಕಡೆಯ ಹಳೇ ಉಪಾಯ. ಹೆಂಡತಿ ಸೀರೆ ಸುತ್ತಿಕೊಂಡು ಹಾಲು ಕರೆದ ಗಂಡಸರು ಊರಿಗೆ ನಾಲ್ಕು ಜನ ಸಿಗ್ತಾರೆ. ಆದರೆ ಬೆಳ್ಳಿ ಅಂಥಿಂಥ ಹಸು ಅಲ್ಲ. ವೇಲಿನ ಕೆಳಗಿನ ಮೀಸೆ ಕಂಡಿತೋ, ಬೀಡಿ ವಾಸನೆ ಬಡಿಯಿತೋ, ಒಂದೇ ಒದೆಗೆ ಬಕೆಟ್ಟು ಒಂದು ಕಡೆ, ಸೊಣ್ಣಪ್ಪ ಒಂದು ಕಡೆ. ಗುಲಾಬಿ ವೇಲು ಸಗಣಿಯಲ್ಲಿ.

ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಮಗಳು ಅಕ್ಷತಳಿಗೆ ಮಾತ್ರ ಅಳು ಬಂತು. ಹತ್ತನೇ ಕ್ಲಾಸಿನ ಈ ಹುಡುಗಿಗೆ ಬರೋ ಸೋಮವಾರದಿಂದ ಬೆಂಗಳೂರಲ್ಲಿ ಮೂರು ದಿನದ ವಿಜ್ಞಾನ ಶಿಬಿರವಿತ್ತು. ಇಡೀ ಸ್ಕೂಲಿಗೆ ಒಂದೇ ಸೀಟು, ಅದು ಅವಳ ಪಾಲಿಗೆ ಬಂದಿತ್ತು. ಶನಿವಾರದೊಳಗೆ ಅಪ್ಪ ಸಹಿ ಹಾಕಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ.

ಅಪ್ಪ ಕಳಿಸಲ್ಲ ಅಂದವನೇನಲ್ಲ. ಹಸು ಏನ್ಮಾಡಲಿ ಅಂದ, ಅಷ್ಟೇ. ಬೆಳ್ಳಿ ಚೊಚ್ಚಲ ಹಸು. ಹುಟ್ಟಿದ ಕರು ಎಂಟೇ ದಿನಕ್ಕೆ ಸತ್ತುಹೋಯಿತು. ಅವತ್ತಿಂದ ಅಕ್ಷತ ಕೂತು ಮಾತಾಡಿಸಿದರೆ ಮಾತ್ರ ಹಾಲು ಇಳಿಸುತ್ತೆ, ಬೇರೆ ಯಾರು ಕೈ ಹಾಕಿದರೂ ಹಾಲು ಬಿಗಿಹಿಡಿದು ನಿಲ್ಲುತ್ತೆ. ಅಮ್ಮ ನಸುಕಿಗೇ ಗಾರ್ಮೆಂಟ್ಸ್ ವ್ಯಾನು ಹತ್ತಿದರೆ ಮನೆ ಸೇರೋದು ಕತ್ತಲಾದ ಮೇಲೆ. ಮೂರು ದಿನ ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬಂದು ಹಸುವೇ ಹಾಳು. ಸೂಜಿ ಚುಚ್ಚಿಸು, ತಾನಾಗೇ ಇಳಿಸುತ್ತೆ ಅಂದವರಿದ್ದರು. ಕರು ಕಳಕೊಂಡ ಜೀವಕ್ಕೆ ದಿನಾ ಚುಚ್ಚೋದು ನನ್ನ ಕೈಲಾಗಲ್ಲ ಅಂದುಬಿಟ್ಟ ಸೊಣ್ಣಪ್ಪ.

ವೇಲಿನ ಪ್ರಹಸನ ನಡೆದದ್ದು ಸೋಮವಾರ. ಮಂಗಳವಾರ ಸ್ಕೂಲಲ್ಲಿ ಭೀಮರಾಜ್ ಮೇಷ್ಟ್ರು ಹಾರ್ಮೋನಿನ ಪಾಠ ತೆಗೆದರು. ತೆಗೆದರು ಅಂದರೆ ಪುಸ್ತಕ ತೆಗೆದರು ಅಂತಲ್ಲ. ಒಳಗೆ ಬಂದವರೇ ಎಲ್ಲರ ಕೈಗೂ ಅವರವರ ನಾಡಿ ಹಿಡಿಸಿ ಒಂದು ನಿಮಿಷ ಎಣಿಸೋಕೆ ಹೇಳಿದರು. ಅಕ್ಷತಳದು ಎಪ್ಪತ್ತೆಂಟು. ಆಮೇಲೆ ಮುಖ ಗಂಟು ಹಾಕಿಕೊಂಡು, ಈಗಲೇ ಟೆಸ್ಟು, ಫೇಲಾದವರ ಮನೆಗೆ ಫೋನು ಅಂದರು. ಮೊದಲ ಬೆಂಚಿನ ಅಂಜನ್ ಕೈಯಿಂದ ಪೆನ್ನೇ ಜಾರಿತು. ಮೇಷ್ಟ್ರು ನಕ್ಕು, ಟೆಸ್ಟೂ ಇಲ್ಲ ಗಿಸ್ಟೂ ಇಲ್ಲ, ಮತ್ತೆ ನಾಡಿ ಹಿಡೀರಿ ಅಂದರು. ಅಕ್ಷತಳದು ನೂರಾ ಆರು!

ಮೂತ್ರಪಿಂಡದ ತಲೆ ಮೇಲೆ ಟೋಪಿ ಹಾಗೆ ಕೂತಿರೋ ಎರಡು ಸಣ್ಣ ಗ್ರಂಥಿಗಳು ರಕ್ತಕ್ಕೆ ಅಡ್ರಿನಾಲಿನ್ ಬಿಟ್ಟವು, ಅದಕ್ಕೇ ನಿಮ್ಮೆದೆ ಓಡ್ತಾ ಇದೆ ಅಂತ ಮೇಷ್ಟ್ರು ಹೇಳಿದರು. ರಕ್ತ ಮೈಯೆಲ್ಲ ಹರಿಯುತ್ತಲ್ಲ, ಹಾರ್ಮೋನು ಹೇಳಿದ ಮಾತು ಎಲ್ಲ ಅಂಗಕ್ಕೂ ಯಾಕೆ ತಾಗಲ್ಲ ಅಂತ ಅಂಜನ್ ಕೇಳಿದ. ಹಳೇ ಕಬ್ಬಿಣದ ಆಟೋ ಮೈಕು ಹಾಕ್ಕೊಂಡು ಎಲ್ಲ ಬೀದಿಲೂ ಕೂಗಿಕೊಂಡು ಹೋಗುತ್ತೆ, ಬಾಗಿಲು ತೆಗೆಯೋರು ಮಾತ್ರ ಮನೇಲಿ ಹಳೇ ಕಬ್ಬಿಣ ಇರೋರು, ಹಾರ್ಮೋನೂ ಹಾಗೇ ಅಂದರು ಮೇಷ್ಟ್ರು. ಆಮೇಲೆ ತಾಯಿಹಾಲಿನ ವಿಷಯ ಬಂತು. ಮಗು ಬಾಯಿಟ್ಟರೆ, ಒಮ್ಮೊಮ್ಮೆ ಬರೀ ಅಳು ಕೇಳಿದರೂ ಸಾಕು, ತಾಯಿಯ ಮಿದುಳಿನ ಬುಡದ ಪಿಟ್ಯುಟರಿಯಿಂದ ಆಕ್ಸಿಟೋಸಿನ್ ಇಳಿಯುತ್ತೆ, ಅದು ಮುಟ್ಟಿದ ಮೇಲೇ ಹಾಲು ಹರಿಯೋದು. ತಾಯಿ ಹೆದರಿದ್ದರೆ ಅಡ್ರಿನಾಲಿನ್ ಅಡ್ಡ ನಿಲ್ಲುತ್ತೆ.

ಅಕ್ಷತ ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಿಲ್ಲ.

"ಸರ್, ಹಸೂಗೂ ಅಡ್ರಿನಾಲಿನ್ ಇರುತ್ತಾ?"

ಕ್ಲಾಸು ಗೊಳ್ ಅಂತು. ವೇಲಿನ ಕಥೆ ಗೊತ್ತಿಲ್ಲದವರು ಯಾರಿದ್ದಾರೆ ಅಲ್ಲಿ! ಮೇಷ್ಟ್ರು ಮಾತ್ರ ನಗಲಿಲ್ಲ. ನಮಗಿರೋ ಹಾಗೇ ಇರುತ್ತೆ, ಆಕ್ಸಿಟೋಸಿನ್ನೂ ಇರುತ್ತೆ, ನಿನ್ನ ಹಸುವಿನ ಕೆಚ್ಚಲಿಗೆ ಬಂದಿರೋದು ಕಾಯಿಲೆ ಅಲ್ಲಮ್ಮ, ಭಯ ಅಂದರು. ಅವಳಿಗೆ ಮೈ ಜುಮ್ಮೆಂದಿತು. ಅಂದರೆ ಬೆಳ್ಳಿಗೆ ಬೇಕಾಗಿದ್ದು ಇವಳ ವೇಲಲ್ಲ, ಧೈರ್ಯ! ಸಂಜೆ ಬೆಲ್ಲು ಹೊಡೆಯೋ ತನಕ ಅವಳು ಮೇಷ್ಟ್ರನ್ನು ಬಿಡಲಿಲ್ಲ. ಅವರು ಒಂದೇ ನಿಯಮ ಹೇಳಿ ಕಳಿಸಿದರು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸು.

ಮನೆಗೆ ಓಡೋಡಿ ಬಂದವಳೇ ಅಪ್ಪನನ್ನು ಜಗಲಿ ಮೇಲೆ ಕೂರಿಸಿ ಪಾಠ ಶುರು ಮಾಡಿದಳು. ಸೊಣ್ಣಪ್ಪನಿಗೆ ಪಿಟ್ಯುಟರಿ ಅನ್ನೋಕೆ ನಾಲಿಗೆ ತಿರುಗಲಿಲ್ಲ. ಕಬ್ಬಿಣದ ಆಟೋ ಮಾತ್ರ ಚೆನ್ನಾಗಿ ಅರ್ಥವಾಯಿತು. ಅವತ್ತು ಸಂಜೆ ಅವಳು ಕರೆದಳು, ಅಪ್ಪ ಬರೀ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಬುಧವಾರ ಅದೇ ಬಕೆಟ್ಟಿನ ಸದ್ದು, ಅದೇ ಬೆಚ್ಚನೆ ನೀರು, ಕೆಚ್ಚಲು ತೊಳೆದು ನೀವಿದ ಕೈ ಮಾತ್ರ ಅಪ್ಪನದು. ಬೆಳ್ಳಿ ಹಾಲು ಇಳಿಸಿತು! ಅಕ್ಷತ ಬೇಲಿ ಹಾರಿ ಹೋಗಿ ಪಕ್ಕದ ಮನೆಯ ಅಂಜನನಿಗೆ ಹೇಳಿ ಬಂದಳು.

ಗುರುವಾರ ಕೆಟ್ಟಿತು. ಅವತ್ತು ಅಪ್ಪ ಕರೆಯಬೇಕು, ಅಕ್ಷತ ಹಸುವಿನ ತಲೆ ಹತ್ತಿರ ನಿಲ್ಲಬೇಕು. ನಾಲ್ಕು ಧಾರೆ ಬಿತ್ತು, ಅಷ್ಟರಲ್ಲಿ ಬೆಳ್ಳಿ ಬಾಲ ಬೀಸಿತು. ಸೊಣ್ಣಪ್ಪ ಗಕ್ಕನೆ ಹಿಂದೆ ಸರಿದು, ನಿಲ್ಲೇ ಮುಂಡೇದೇ ಅಂತ ಅರಚಿದ. ಮುಗೀತು, ಹಾಲು ಮೇಲಕ್ಕೆ. ಪಿತ್ತ ನೆತ್ತಿಗೇರಿದ ಅಕ್ಷತ ಅಪ್ಪನ ಕೈ ಹಿಡಿದೆಳೆದಳು. ಆದರೆ ಹಿಡಿದ ಕೈಯಲ್ಲಿ ನಾಡಿ ಸಿಕ್ಕಿತು. ಮಂಗಳವಾರದಿಂದ ಅಂಟಿದ ಚಟ, ಎಣಿಸಿಬಿಟ್ಟಳು. ನೂರಾ ಹದಿನಾಲ್ಕು.

"ಅಪ್ಪಾ, ನಿಂಗೆ ಬೆಳ್ಳಿ ಅಂದ್ರೆ ಭಯಾನಾ?"

ಸೊಣ್ಣಪ್ಪ ಲುಂಗಿ ಎತ್ತಿ ತೊಡೆ ಮೇಲೆ ನೀಲಿಗಟ್ಟಿದ್ದನ್ನು ತೋರಿಸಿದ. ಸೋಮವಾರದ ಒದೆ ಅದು. ಇಷ್ಟು ವರ್ಷ ಅಪ್ಪ ಕೂಗಾಡಿದಾಗಲೆಲ್ಲ ಅಕ್ಷತ ಅದನ್ನು ಸಿಟ್ಟು ಅಂದುಕೊಂಡಿದ್ದಳು. ತನಗೆ ಜ್ವರ ಬಂದಾಗ ಕೂಗಿದ್ದ, ಅಮ್ಮನ ವ್ಯಾನು ತಡವಾದರೆ ಕೂಗುತ್ತಿದ್ದ. ಪಾಪ, ಹೆದರಿಕೊಂಡಿದ್ದಾಗಲೇ ಕೂಗುತ್ತಿದ್ದದ್ದು. ಎದುರಾಬದುರಾ ಎರಡು ಪ್ರಾಣಿ, ಇಬ್ಬರಿಗೂ ಅಡ್ರಿನಾಲಿನ್.

ಶುಕ್ರವಾರ ಸಂಜೆ ಕಡೇ ಅವಕಾಶ. ಅಕ್ಷತ ಹಸುವಿನ ಕಣ್ಣಿಗೇ ಬೀಳಬಾರದು. ಮೊದಲು ಅಪ್ಪನನ್ನು ಕೊಟ್ಟಿಗೆ ಹೊರಗೆ ಕಲ್ಲಿನ ಮೇಲೆ ಕೂರಿಸಿ ನಾಡಿ ಹಿಡಿದಳು. ತೊಂಬತ್ತಾರು. ಇನ್ನೂ ಕೂತಿರು ಅಂದಳು. ಎಂಬತ್ತೆಂಟು. ಕೂತಿರು. ಡೈರಿಗೆ ಹಾಲು ಹಾಕೋ ಹೊತ್ತಾಯ್ತು ಕಣಮ್ಮ ಅಂತ ಅವನು ಗೊಣಗಿದರೂ ಬಿಡಲಿಲ್ಲ. ಎಪ್ಪತ್ತಾರಕ್ಕೆ ಬಂದ ಮೇಲೇ ಕೈ ಬಿಟ್ಟಳು.

"ಏನಂತ ಮಾತಾಡಿಸ್ಲಿ ಅದುನ್ನ? ನಂಗೆ ನಿನ್ನಂಗೆ ಬರಲ್ಲ."

"ನಾನು ಚಿಕ್ಕೋಳಿದ್ದಾಗ ನಂಗೇನಂತಿದ್ದೆ, ಅದುನ್ನೇ ಅನ್ನು."

ಸೊಣ್ಣಪ್ಪ ಬಕೆಟ್ಟು ಎತ್ತಿಕೊಂಡು ಒಳಗೆ ಹೋದ. ಅಕ್ಷತ ಗೋಡೆ ಹಿಂದೆ ಕೂತು ತನ್ನ ನಾಡಿ ತಾನೇ ಹಿಡಿದುಕೊಂಡಳು. ಅದು ಎಣಿಕೆಗೇ ಸಿಗುತ್ತಿರಲಿಲ್ಲ. ಬಕೆಟ್ಟಿನ ಸದ್ದಾಯಿತು, ನೀರಿನ ಸದ್ದಾಯಿತು. ಆಮೇಲೆ ಏನೂ ಇಲ್ಲ. ಎಷ್ಟೋ ಹೊತ್ತು ಏನೂ ಇಲ್ಲ. ಸೋಮವಾರ ಹೋಯಿತು, ಬೆಂಗಳೂರು ಹೋಯಿತು ಅಂದುಕೊಂಡಳು.

ಅಷ್ಟರಲ್ಲಿ ಒಳಗಿಂದ ಒಂದು ದನಿ ಬಂತು. ಒಡಕು ದನಿ, ನಾಚಿಕೆಯಿಂದ ಅರ್ಧ ನುಂಗಿದ ದನಿ.

"ಯಾರೇನಂದ್ರು ನನ್ ಬಂಗಾರಾನ... ಯಾರ್ ಬೈದೋರು ನನ್ ಕೂಸ್ನ... ನಾನಿಲ್ವಾ, ನಾನಿದೀನಿ ಬಾರವ್ವ..."

ಹತ್ತು ವರ್ಷವಾಗಿತ್ತು ಅಕ್ಷತ ಆ ದನಿ ಕೇಳಿ. ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವಾಗ, ಕಣ್ಣುರಿ ಅಂತ ಅವಳು ಅತ್ತರೆ, ಅಪ್ಪ ಹೀಗೇ ಅನ್ನುತ್ತಿದ್ದ. ಅವಳ ಕಣ್ಣಲ್ಲಿ ನೀರು ತಾನಾಗೇ ಇಳಿಯಿತು. ಇದಕ್ಕೆ ಯಾವ ಗ್ರಂಥಿ ಅಂತ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ.

ಖಾಲಿ ಬಕೆಟ್ಟಿನ ತಳಕ್ಕೆ ಒಂದು ಧಾರೆ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಎರಡೂ ಕೈ ಬಿಡುವಿಲ್ಲದೆ ಆಡಿದವು, ಟಣ್ ಟಣ್ ಅನ್ನುತ್ತಿದ್ದದ್ದು ಮೆಲ್ಲಗೆ ಮೆತ್ತಗಾಗಿ ನೊರೆಯೊಳಗೆ ಬೀಳೋ ಸದ್ದಾಯಿತು. ಅಕ್ಷತ ಬಾಯಿ ಮುಚ್ಚಿಕೊಂಡು ಕೂತಲ್ಲೇ ಕುಣಿದಳು. ಕೂಗುವಂತಿಲ್ಲವಲ್ಲ!

ಸೊಣ್ಣಪ್ಪ ತುಂಬಿದ ಬಕೆಟ್ಟು ಹಿಡಿದು ಹೊರಗೆ ಬಂದ. ಗೋಡೆ ಹಿಂದಿದ್ದ ಮಗಳ ಮುಖ ನೋಡಿದ. ಇನ್ನೂ ಅದೇ ಸಣ್ಣ ದನಿಯಲ್ಲಿ, ಹಸುವಿಗೆ ಎಲ್ಲಿ ಕೇಳಿಬಿಡುತ್ತೋ ಅನ್ನೋ ಹಾಗೆ ಕೇಳಿದ.

"ಸೋಮ್ವಾರ ಬಸ್ಸು ಎಷ್ಟೊತ್ತಿಗಮ್ಮ?"