ಅಪ್ಪಿಯ ನಾಲಗೆ, ಸ್ಕಾಟ್ಲೆಂಡಿನ ಬಾಟಲಿ

ಎಲ್ಲಿಂದ ಆರಂಭಿಸಲಿ? ಬಾಟಲಿಯಿಂದಲೋ, ಬಸಿರಿನಿಂದಲೋ?

ಬಾಟಲಿಯಿಂದ ಹೊರಟ ಕರಡನ್ನು ಹರಿದಾಯಿತು. ಅದರಲ್ಲಿ ಗುಳ್ಳೆಗಳ ವರ್ಣನೆಯೇ ಒಂದೂವರೆ ಪುಟ ನುಂಗಿತ್ತು. ಬಸಿರಿನಿಂದ ಹೊರಟದ್ದು ಮೂರನೆಯ ವಾಕ್ಯಕ್ಕೇ ಕಣ್ಣೀರಿಗಿಳಿಯಿತು. ಆದ್ದರಿಂದ ಓದುಗರೇ, ಜನರ ಕಥೆ ಕೂಡಿಡುವ ಮೇಷ್ಟ್ರಾದ ನನ್ನ ಹಳೆಯ ಅಭ್ಯಾಸದಂತೆ ಮೊದಲು ದಾಖಲೆ. ನಡೆದದ್ದು ೧೯೯೩, ಮಸ್ಕತ್ತಿನ ವಾದಿ ಅದಾಯ್‌ನಲ್ಲಿ, ಗ್ಯಾರೇಜುಗಳ ಹಿಂದಿನ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ. ನಾನು ಕೇಳಿದ್ದು ಮರುವರ್ಷ, ಅದೇ ಮನೆಯಲ್ಲಿ. ಹೇಳಿದವರು ಮೂವರು: ಡ್ರೈವರ್ ಸೇಸಪ್ಪ, ಅವನ ಹೆಂಡತಿ ವಿನೋದಾ, ವಿನೋದಾಳ ತಾಯಿ ಅಪ್ಪಿ. ಅವರು ಹೇಳಿದ್ದು ತುಳುವಿನಲ್ಲಿ. ಕನ್ನಡದ ತಪ್ಪುಗಳು ನನ್ನವು.

೧

ವಿನೋದಾಳಿಗೆ ಎಂಟು ತಿಂಗಳು ತುಂಬಿತ್ತು. ಕಟಪಾಡಿಯ ಗೋಲಿ ಸೋಡಾ ಅಂಗಡಿಗೆ ಬೀಗ ಹಾಕಿ ಬಂದಿದ್ದ ಅಪ್ಪಿಯ ಟಿಕೆಟ್ ಗುರುವಾರದ್ದು. ವೀಸಾಕ್ಕೇನೋ ಇನ್ನೂ ಎರಡು ತಿಂಗಳಿತ್ತು, ಆದರೆ ಉಳಿಯುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಅಮ್ಮನಿಗೇ ಅನಿಸಬೇಕು ಎಂದು ಮಗಳು ಕೇಳಲಿಲ್ಲ. ಕೇಳದೆ ಉಳಿಯುವುದು ಹೇಗೆ ಎಂದು ತಾಯಿ ಹೇಳಲಿಲ್ಲ. ಈ ಎರಡು ಮೌನಗಳ ನಡುವೆ ಸೇಸಪ್ಪ ಮಾತ್ರ ಬೆವರುತ್ತಿದ್ದ.

ಸೋಮವಾರ ಮಧ್ಯಾಹ್ನ ಅಪ್ಪಿ ಕೋಲಾದ ಲೋಟವನ್ನು ಟಕ್ಕೆಂದು ಕೆಳಗಿಟ್ಟಳು.

"ಎಂತ ಸೇಸಪ್ಪ, ನಿಮ್ಮ ಮಸ್ಕತ್ತಿನಲ್ಲಿ ಗ್ಯಾಸಿಗೆ ಬರವಾ? ಮದುವೆ ವರ್ಷ ಒಂದು ತಂದಿದ್ರಲ್ಲ, ಕಿತ್ತಳೆ ಬಣ್ಣದ್ದು! ಅಂಥದ್ದೊಂದು ಸಿಕ್ಕಿದ್ರೆ ಮನುಷ್ಯ ಇನ್ನೂ ಎರಡು ತಿಂಗಳು ಇರಬಹುದು."

ಸೇಸಪ್ಪನ ಕಿವಿ ನೆಟ್ಟಗಾಯಿತು. ಎರಡು ತಿಂಗಳು! ಹೆರಿಗೆ, ಬಾಣಂತನ, ಎಲ್ಲ ಅದರೊಳಗೆ ಬಂತಲ್ಲ!

(ಅತ್ತೆಯಾದವಳು ಅಳಿಯನಿಗೆ ಎಲ್ಲೂ ಸಿಗದ ವಸ್ತುವನ್ನು ತರಹೇಳುವ ಕಥೆಗಳು ನನ್ನ ಸಂಗ್ರಹದಲ್ಲಿ ಹನ್ನೊಂದಿವೆ. ಹುಲಿಯ ಹಾಲು, ಏಳು ಕಡಲಿನಾಚೆಯ ಹೂವು, ಇತ್ಯಾದಿ. ತಂಪು ಪಾನೀಯ ಇದೇ ಮೊದಲು.)

೨

ಆ ವಸ್ತುವಿನ ಹೆಸರು ಐರ್ನ್-ಬ್ರೂ. ಸ್ಕಾಟ್ಲೆಂಡಿನವರಿಗೆ ನಮ್ಮ ಗೋಲಿ ಸೋಡಾ ಇದ್ದ ಹಾಗೆ. ಸೇಸಪ್ಪನ ಕಂಪನಿಯ ಇಂಜಿನಿಯರ್ ಮೆಕ್ಕಲಮ್ ಸಾಹೇಬ ಊರಿಗೆ ಹೋಗಿ ಬರುವಾಗಲೆಲ್ಲ ಬಟ್ಟೆಗಳ ನಡುವೆ ಸುತ್ತಿ ನಾಲ್ಕೈದು ಬಾಟಲಿ ತರುತ್ತಿದ್ದ. ೧೯೮೭ರಲ್ಲಿ ಸೇಸಪ್ಪನ ಮದುವೆಗೆಂದು ಒಂದನ್ನು ಕೊಟ್ಟ. ಕಟಪಾಡಿಯಲ್ಲಿ ಅದನ್ನು ಹದಿನಾಲ್ಕು ಮಂದಿ ಕುಡಿದರು, ಹದಿನಾಲ್ಕು ಮಂದಿಯೂ ಹೊಗಳಿದರು. ಬಡಿಸಿದವಳು ಅಪ್ಪಿ.

(ಈ ಕೊನೆಯ ವಾಕ್ಯ ನೆನಪಿರಲಿ.)

೩

ಮಸ್ಕತ್ತಿನ ರೂವಿ ಪೇಟೆಯ ಒಂಬತ್ತು ಕೋಲ್ಡ್ ಸ್ಟೋರುಗಳಲ್ಲಿ, ಅಂದರೆ ಅಲ್ಲಿಯ ದಿನಸಿ ಅಂಗಡಿಗಳಲ್ಲಿ, ವಿಚಾರಿಸಿದ ಸೇಸಪ್ಪನಿಗೆ ಒಂಬತ್ತು ಕಡೆಯೂ ಸಿಕ್ಕಿದ್ದು ಆರೆಂಜ್ ಜ್ಯೂಸು. ಮಂಗಳವಾರ ಬೆಳಿಗ್ಗೆ ಆಫೀಸಿಗೆ ನುಗ್ಗಿ, ರಜೆ, ಟಿಕೆಟ್ಟುಗಳ ವ್ಯವಹಾರ ನೋಡುವ ಗುಮಾಸ್ತ ಬಾಸಿಲ್‌ನ ಮೇಜು ಹಿಡಿದು ನಿಂತ.

"ಪೊರ್ಬುಗಳೇ" ಎಂದ, ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವಂತೆ. "ಮೆಕ್ಕಲಮ್ ಸಾಹೇಬರು ಎಲ್ಲಿ?"

"ದೂರದ ಸೂರ್ ಪಟ್ಟಣದ ಸೈಟಿನಲ್ಲಿ. ಎಂತಕ್ಕೆ?"

"ಅತ್ತೆಗೆ ಒಂದು ಬಾಟಲಿ ಬೇಕು. ಸಿಕ್ಕಿದ್ರೆ ಟಿಕೆಟ್ ಮುಂದೆ ಹಾಕ್ತಾರೆ. ನಾಳೆಗೆ ನನ್ನ ರಜೆ ಬರ್ಕೊಳ್ಳಿ."

ಬಾಸಿಲ್ ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. "ಯಲ್ಲಾ, ಹೊರಡಿ, ಹೋಗಿ ಬನ್ನಿ ಸೇಸಪ್ಪಣ್ಣ" ಎಂದು ರಜೆ ಬರೆದುಕೊಂಡ.

ಬುಧವಾರ ಬೆಳಕು ಹರಿಯುವಾಗಲೇ ಹೊರಟು, ಗುಡ್ಡಗಳ ನಡುವಿನ ದಾರಿಯನ್ನು ನಾಲ್ಕು ಗಂಟೆಗಳಲ್ಲಿ ಮುಗಿಸಿ, ಸೂರಿನ ಕಡಲದಡದಲ್ಲಿ ಹಾಯಿಹಡಗು ಕಟ್ಟುವವರ ಸುತ್ತಿಗೆಯ ಸದ್ದು ಕೇಳಿಸಿದಾಗಲೇ ಸೇಸಪ್ಪ ಉಸಿರು ಬಿಟ್ಟದ್ದು. ಸಾಹೇಬನ ಕಪಾಟಿನಲ್ಲಿ ಉಳಿದಿದ್ದುದು ಒಂದೇ ಒಂದು.

"ಯಾರಿಗೆ?" ಎಂದು ಸಾಹೇಬ ಹುಬ್ಬು ಗಂಟಿಕ್ಕಿದ.

"ಮದರ್-ಇನ್-ಲಾ, ಸರ್."

ಸಾಹೇಬ ಎದ್ದು ಕಪಾಟು ತೆರೆದ. ಅವನಿಗೂ ಒಬ್ಬಳಿದ್ದಿರಬೇಕು.

೪

ಇಲ್ಲಿ ನಾನು ಬರೆದಿದ್ದ ಕರಡು ಹೀಗಿತ್ತು: 'ಬಿಸಿಲಿನ ಝಳಕ್ಕೆ ಬಾಟಲಿ ದಾರಿಯಲ್ಲೇ ಸಿಡಿಯಿತು. ಸೇಸಪ್ಪ ಕಿತ್ತಳೆ ಬಣ್ಣದ ಮರಳನ್ನು ನೋಡುತ್ತ...'

ಓದಿ ಹೇಳಿದಾಗ ಸೇಸಪ್ಪ ಕುರ್ಚಿಯಿಂದ ಎದ್ದೇಬಿಟ್ಟ.

"ಎಂತ ಮಾರ್ರೆ, ಸಿಡಿಯುವುದಾ? ಸೂರಿನ ಮೀನಿನವರ ಹತ್ರ ಐಸ್ ಪೆಟ್ಟಿಗೆ ಕೇಳಿ ತಂದು, ಅದರೊಳಗೆ ಮಲಗಿಸಿ, ಪೆಟ್ಟಿಗೆಯನ್ನು ಮುಂದಿನ ಸೀಟಲ್ಲಿ ಬೆಲ್ಟ್ ಹಾಕಿ ಕೂರಿಸಿದ್ದೆ! ಹಂಪ್ ಬಂದಾಗೆಲ್ಲ ಅದಕ್ಕೆ 'ಜಾಗ್ರತೆ' ಅಂತ ಹೇಳಿದ್ದೆ. ಹೊಡೆದುಹಾಕಿ ಆ ಸಾಲನ್ನು!"

ಹೊಡೆದುಹಾಕಿದ್ದೇನೆ. ಬಾಟಲಿ ಕ್ಷೇಮವಾಗಿ ಬಂತು.

೫

ಸಂಜೆ ಆರು. ಮೂಲೆಯಲ್ಲಿ ಅಪ್ಪಿಯ ಚೀಲ ಕಟ್ಟಿ ನಿಂತಿದೆ. ಅಪ್ಪಿ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಕಿವಿಗಿಟ್ಟು ಗುಳ್ಳೆಗಳ ಸದ್ದು ಕೇಳಿದಳು, ಮೂಸಿದಳು. "ಬೂತಾಯಿ ಮೀನಿನ ಪರಿಮಳ ಯಾಕೆ?" ಎಂದಳು. ಕುಡಿದಳು.

"ಇದಲ್ಲ."

ಸೇಸಪ್ಪ ಬಾಟಲಿಯನ್ನು ಅವಳ ಮುಂದೆ ಹಿಡಿದ. ವಿನೋದಾ ಗೋಡೆಯ ಕಡೆ ತಿರುಗಿದಳು.

"ಅದೇ ಮಾಮಿ! ಹೆಸರು ನೋಡಿ, ಬಣ್ಣ ನೋಡಿ!"

"ಬಣ್ಣ ಕುಡಿಯುವುದಾ?" ಅಪ್ಪಿ ಇನ್ನೊಂದು ಗುಟುಕು ಕುಡಿದು, ತಟ್ಟನೆ ನಗತೊಡಗಿದಳು. "ಅಯ್ಯೋ ದೇವರೇ! ಹದಿನಾಲ್ಕು ಮಂದಿಗೆ ಒಂದು ಬಾಟಲಿ ಸಾಲ್ತದಾ? ಅವತ್ತು ಒಳಗೆ ಹೋಗಿ ಆರು ಗೋಲಿ ಸೋಡಾ ಒಡೆದು ಸುರಿದದ್ದು ನಾನೇ! ಲಿಂಬೆ, ಉಪ್ಪು ಎಲ್ಲ ಹಾಕಿ!"

ಆರು ವರ್ಷ ಹದಿನಾಲ್ಕು ಮಂದಿ ಸ್ಕಾಟ್ಲೆಂಡೆಂದು ಹೊಗಳಿದ್ದು ಮುಕ್ಕಾಲು ಪಾಲು ಕಟಪಾಡಿಯನ್ನು.

ಅಪ್ಪಿ ಎದ್ದಳು. ಫ್ರಿಜ್ಜಿನ ಸೋಡಾ ಬಂತು, ಲಿಂಬೆ ಬಂತು, ಉಪ್ಪು ಬಂತು. ಕಲಸಿ ಒಂದು ಗುಟುಕು. "ಈಗ ಬಂತು ನೋಡಿ!"

೬

ಇನ್ನು ಮುಕ್ತಾಯ. ನನ್ನ ಬಳಿ ಅದರ ಎರಡು ಪಾಠಾಂತರಗಳಿವೆ.

ಸೇಸಪ್ಪನ ಪಾಠ: ಆ ಲೋಟ ಖಾಲಿಯಾದ ಮೇಲೆ ಅಪ್ಪಿ ಚೀಲ ಬಿಚ್ಚಿದಳು. ಬಾಟಲಿ ಗೆದ್ದಿತು. ಖಲಾಸ್.

ವಿನೋದಾಳ ಪಾಠವನ್ನು ಸೇಸಪ್ಪನೂ ಕೇಳಿದ್ದು ನನ್ನೊಡನೆಯೇ: "ಅಮ್ಮ ಸೋಮವಾರ ಬೆಳಿಗ್ಗೆಯೇ ಬಾಸಿಲ್ ಪೊರ್ಬುಗಳಿಗೆ ಫೋನ್ ಮಾಡಿ ಟಿಕೆಟ್ ಮುಂದೆ ಹಾಕಿಸಿದ್ರಂತೆ. ಬಾಟಲಿ ಕೇಳಿದ್ದು ಮಧ್ಯಾಹ್ನ. ಹೆರಿಗೆ ಆದ ಮೇಲೆ ಅವರೇ ನನಗೆ ಹೇಳಿದ್ದು."

"ಹಾಗಾದ್ರೆ ನಾನು ಸೂರಿಗೆ ಹೋದದ್ದು ಎಂತಕ್ಕೆ?" ಎಂದ ಸೇಸಪ್ಪ.

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆಂದು ಮತ್ತೆ ಬಂದಿದ್ದ ಅಪ್ಪಿ ಮಗುವನ್ನು ತೊಡೆಯ ಮೇಲೆ ಕುಣಿಸುತ್ತ ಅಲ್ಲೇ ಕುಳಿತಿದ್ದಳು. ನಾನು ಪೆನ್ನು ಸಜ್ಜಾಗಿಸಿ ಕೇಳಿದೆ: ಟಿಕೆಟ್ ಮೊದಲೋ, ಬಾಟಲಿ ಮೊದಲೋ?

ಅಪ್ಪಿ ಎದುರಿನ ಕೋಲಾ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದಳು. ಒಂದು ಗುಟುಕು. ಟಕ್ಕೆಂದು ಕೆಳಗಿಟ್ಟಳು.

"ಗ್ಯಾಸಿಲ್ಲ. ಮತ್ತೆ ಬರುವ ಗುರುವಾರ ನನ್ನ ಟಿಕೆಟ್ ಉಂಟು ಅಂತ ಇವರಿಗೆ ನೆನಪುಂಟಾ ಕೇಳಿ, ಮಾಸ್ಟ್ರೇ."

ವಿನೋದಾ ಗಂಡನನ್ನು ನೋಡಿದಳು. ಸೇಸಪ್ಪನ ಎಡಗೈಯ ಬಳಿ ಫೋನಿತ್ತು. ಬಾಸಿಲ್‌ಗೆ ಒಂದು ಕರೆ ಮಾಡಿದರೆ ಟಿಕೆಟ್ಟಿನ ನಿಜ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಬಲಗಡೆಯ ಮೊಳೆಯಲ್ಲಿ ಕಾರಿನ ಕೀ ತೂಗುತ್ತಿತ್ತು.

(ಮುಕ್ತಾಯವನ್ನು ಎರಡು ಬಗೆಯಾಗಿ ಬರೆದು ನೋಡಿದೆ. ಫೋನಿನ ಮುಕ್ತಾಯ ಅಚ್ಚುಕಟ್ಟಾಗಿತ್ತು. ಸೇಸಪ್ಪ ಅದಕ್ಕಾಗಿ ಕಾಯಲಿಲ್ಲ.)

ಅವನು ಕೀ ಎಳೆದುಕೊಂಡು ಮೆಟ್ಟಿಲಿಳಿಯುತ್ತಿದ್ದ. ಮೆಕ್ಕಲಮ್ ಸಾಹೇಬ ಈಗ ಯಾವ ಸೈಟಿನಲ್ಲಿದ್ದಾನೆ, ಕಪಾಟಿನಲ್ಲಿ ಏನುಳಿದಿದೆ, ನನಗೆ ತಿಳಿಯದು. ಟಿಕೆಟ್ಟಿನ ಸಂಗತಿಯೂ ತಿಳಿಯದು. ಅಪ್ಪಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಓಡಿ ಕೆಳಗೆ ಬಗ್ಗಿ ಕೂಗಿದ್ದನ್ನು ಮಾತ್ರ ಕೇಳಿದಂತೆಯೇ ಬರೆದುಕೊಂಡಿದ್ದೇನೆ:

"ಸೇಸಪ್ಪಾ, ಈ ಸಲ ಮೀನಿನ ಪೆಟ್ಟಿಗೆ ಬೇಡ!"