ಶರಣಪ್ಪನ ಪ್ರಶ್ನಾರ್ಥಕ ಚಿಹ್ನೆ

ಹೇಮಂತ ಚಟ್ಟದ ಕೊನೆಯ ಗಂಟನ್ನು ಹಲ್ಲಿನಿಂದ ಬಿಗಿಯುತ್ತಿದ್ದಾಗ ರತ್ನಕ್ಕ ಬಾಗಿಲಿಗೆ ಬಂದು ನಿಂತರು. ಅವರ ಗಂಡ ಶಿವಶರಣಪ್ಪ ಬೆಳಗಿನ ಜಾವ ಎದೆನೋವಿನಿಂದ ತೀರಿಕೊಂಡಿದ್ದ. ಅವನ ಆಫೀಸಿನ ಜೊತೆಗಾರ ಹೇಮಂತ ತಣಿಸಂದ್ರದ ಮನೆಗೆ ಓಡಿಬಂದು, ಎಲ್ಲಾ ನನಗೆ ಗೊತ್ತು, ನೀವೇನೂ ಯೋಚಿಸಬೇಡಿ ಎಂದು ಮಾತು ಕೊಟ್ಟಿದ್ದ. ಕಲಬುರಗಿಯ ನೆಂಟರು ಇನ್ನೂ ರೈಲಿನಲ್ಲಿದ್ದರು. ಗಂಡನನ್ನು ಕ್ರಮ ತಪ್ಪದೆ ಕಳಿಸಿಕೊಡಬೇಕು ಎಂಬುದೊಂದೇ ರತ್ನಕ್ಕನ ಆಸೆ.

"ಇದು ಯಾರಿಗಪಾ ತಮ್ಮಾ?"

"ಶರಣಪ್ಪಂಗೇ ಅಕ್ಕಾ. ಕರೆಂಟ್ ಚಿತಾಗಾರಕ್ಕೂ ಹೇಳಿದೀನಿ."

"ನಮ್ಮ ಲಿಂಗಾಯತ್ರಾಗ ಸುಡಂಗಿಲ್ಲಪಾ. ಮಲಗಿಸಿ ಒಯ್ಯಂಗೂ ಇಲ್ಲ. ಕುಂದರಿಸಿ ಮಣ್ಣು ಮಾಡ್ತೀವಿ. ಒಂದ್ಮಾತು ಕೇಳಿದ್ರ ಹೇಳ್ತಿದ್ದೆ."

ಹೇಮಂತ ಕಿಟಕಿಯಿಂದ ಇಣುಕಿದ. ಒಳಗೆ ಶರಣಪ್ಪ ಹಣೆ ತುಂಬ ವಿಭೂತಿ ಧರಿಸಿ, ಗೋಡೆಗೊರಗಿ, ನೆಟ್ಟಗೆ ಕೂತಿದ್ದ. ಆಫೀಸಿನಲ್ಲಿ ಅವನು ಅಷ್ಟು ನೆಟ್ಟಗೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

*

ಇಬ್ಬರದೂ ರೌಟರ್ ನೋಡಿಕೊಳ್ಳುವ ಕೆಲಸ. ಇಂಟರ್ನೆಟ್ಟನ್ನು ಹಂಚುವ ಆ ಪೆಟ್ಟಿಗೆಗೆ ಆಜ್ಞೆಗಳನ್ನು ಟೈಪ್ ಮಾಡಿ ಹೇಳಬೇಕು. ಮುಂದಿನ ಪದ ತಿಳಿಯದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿದರಾಯಿತು, ಅಲ್ಲಿ ಏನೇನು ಬರಬಹುದೋ ಪೆಟ್ಟಿಗೆಯೇ ಸಾಲಾಗಿ ತೋರಿಸುತ್ತದೆ. ಶರಣಪ್ಪ ಪ್ರತಿ ಪದಕ್ಕೂ ಒತ್ತುತ್ತಿದ್ದ. ಅವನ ಕೀಬೋರ್ಡಿನಲ್ಲಿ ಆ ಚಿಹ್ನೆ ಸವೆದು ಮಾಯವಾಗಿತ್ತು. ಹೇಮಂತನಿಗೆ ಮಾತ್ರ ಎಲ್ಲಾ ಆಜ್ಞೆಗಳೂ ಬಾಯಿಪಾಠ. ಪೆಟ್ಟಿಗೆಯನ್ನು ಕೇಳಿ ಕೆಲಸ ಮಾಡುವುದೆಂದರೆ ಅವನಿಗೆ ಕಾಪಿ ಹೊಡೆದಂತೆ.

ಒಂದು ಮಧ್ಯಾಹ್ನ ಜಕ್ಕೂರಿನ ಒಂದು ಅಪಾರ್ಟ್‌ಮೆಂಟಿನ ಏಳನೇ ಮಹಡಿಗೆ ಹೊಸದಾಗಿ ಇಂಟರ್ನೆಟ್ ಕೊಡಬೇಕಿತ್ತು. ಹೇಮಂತ ಟಪಟಪನೆ ಆಜ್ಞೆ ಹೊಡೆದ. 'ಆ್ಯಡ್', ಅಂದರೆ ಸೇರಿಸು, ಎಂಬ ಪದವೊಂದು ಬಿಟ್ಟುಹೋಯಿತು. ಆ ಪದವಿಲ್ಲದಿದ್ದರೆ ಪೆಟ್ಟಿಗೆ 'ಏಳು ಮಾತ್ರ ಸಾಕು' ಎಂದು ತಿಳಿಯುತ್ತದೆ. ಇಡೀ ಕಟ್ಟಡದ ಇಂಟರ್ನೆಟ್ ಸತ್ತು, ಇನ್ನೂ ಯಾರೂ ಬಂದಿರದ ಏಳನೇ ಮಹಡಿಯ ಪಾರಿವಾಳಗಳಿಗೆ ಮಾತ್ರ ಭರ್ಜರಿಯಾಗಿ ಹರಿಯಿತು.

ಫೋನುಗಳು ಬಡಿದುಕೊಳ್ಳತೊಡಗಿದವು. ಶರಣಪ್ಪ ಕುರ್ಚಿ ಎಳೆದುಕೊಂಡು ಬಂದು ಪ್ರಶ್ನಾರ್ಥಕ ಚಿಹ್ನೆ ಒತ್ತಿದ. ಬಂದ ಸಾಲಿನಲ್ಲಿ ಮೊದಲ ಪದವೇ 'ಆ್ಯಡ್'.

"ಕೇಳಿದ್ರ ಹೇಳ್ತಿತ್ತಲ್ಲೋ" ಎಂದಷ್ಟೇ ಹೇಳಿ, ಎಲ್ಲಾ ಮಹಡಿಗಳನ್ನೂ ವಾಪಸ್ ಸೇರಿಸಿದ.

ಸರಿಪಡಿಸಿದವನು ಹೇಮಂತನೆಂದು ಮೇಲಿನವರಿಗೆ ಸುದ್ದಿ ಹೋಯಿತು. ಹೇಮಂತ ತಿದ್ದಲಿಲ್ಲ. ಅದೇ ವರ್ಷ ಅವನು ಮ್ಯಾನೇಜರ್ ಆದ. ಅವನು ಹಂಚಿದ ಪೇಡವನ್ನು ಶರಣಪ್ಪ ಎರಡು ಸಲ ಕೇಳಿ ಪಡೆದು ತಿಂದ.

*

ರುದ್ರಭೂಮಿಯಲ್ಲಿ ಗುಂಡಿ ತೋಡುವ ಲಕ್ಕಣ್ಣ ಎಲ್ಲಾ ತಯಾರು ಮಾಡಿದ್ದ. ಕ್ರಿಯೆ ನಡೆಸಬೇಕಿದ್ದ ಅಯ್ಯನವರು ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡು, ಮಂತ್ರವನ್ನು ಫೋನಿನಲ್ಲೇ ಹೇಳಿ ಮುಗಿಸಿದರು. ನಡುನಡುವೆ ಹಾರ್ನ್ ಕೇಳಿಸುತ್ತಿತ್ತು. ಉಳಿದದ್ದು ಹೇಮಂತನ ಪಾಲಿಗೆ ಬಂತು. ಎಲ್ಲಾ ಗೊತ್ತು ಎಂದವನು ಅವನೇ ತಾನೆ.

ರತ್ನಕ್ಕ ಅವನನ್ನೇ ನೋಡುತ್ತಿದ್ದರು. ಹೇಮಂತ ಎರಡು ಸಲ ಕೆಮ್ಮಿದ. ಆಮೇಲೆ ಲಕ್ಕಣ್ಣನ ಕಿವಿಯ ಹತ್ತಿರ ಬಗ್ಗಿದ.

"ನಂಗೇನೂ ಗೊತ್ತಿಲ್ಲ ಕಣಪ್ಪ. ಏನ್ ಮಾಡ್ಬೇಕು?"

"ಗುಂಡಿಗಿಳೀರಿ."

ಇಳಿದ. ಮುಂದೆ ಎಂದು ಕೇಳಿದ. ಕೂರಿಸಬೇಕಂತೆ. ಕೂರಿಸಿದ. ಮುಂದೆ? ಇಷ್ಟಲಿಂಗವನ್ನು ಎಡಗೈಯಲ್ಲಿಡಬೇಕಂತೆ. ಲಕ್ಕಣ್ಣ ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳುವವನಲ್ಲ. ಬಿಲ್ವಪತ್ರೆ, ವಿಭೂತಿ ಗಟ್ಟಿ, ಉಪ್ಪು, ಒಂದೊಂದನ್ನೂ ಹೇಮಂತ ಕೇಳಿ ಕೇಳಿ ಇಟ್ಟ. ಶರಣಪ್ಪ ವಾಲದಂತೆ ಹಿಡಿದುಕೊಳ್ಳಬೇಕು ಎಂದಾಗ ಹಿಡಿದುಕೊಂಡ. ಮೇಲಿನಿಂದ ಮಣ್ಣು ಬಿತ್ತು. ಅದು ಶರಣಪ್ಪನ ಎದೆಗೆ, ಹೇಮಂತನ ತೊಡೆಗೆ ಬಂದಾಗ ರತ್ನಕ್ಕ ಕಣ್ಣೊರೆಸಿಕೊಂಡು, ಎಲ್ಲಾ ಕ್ರಮದಂತೆ ಆಯಿತು ಎಂದರು.

"ಲಕ್ಕಣ್ಣ, ನಾನು ಮೇಲೆ ಬರೋದು ಹೆಂಗೆ?"

"ಅದ್ನ ನೀವು ಕೇಳ್ಲೇ ಇಲ್ವಲ್ಲ ಸ್ವಾಮಿ."

ಹೇಮಂತ ತಡಕಾಡಿ ಕಾಲು ಕಿತ್ತುಕೊಂಡ. ಕೈ ಕೊಡಲು ಮೇಲೆ ನಾಲ್ಕಾರು ಜನ ಬಗ್ಗಿದರು, ಎಟುಕಲಿಲ್ಲ. ಲಕ್ಕಣ್ಣ ಗುಂಡಿಯನ್ನೊಮ್ಮೆ ನೋಡಿ, "ಅವ್ರ ಎಗಲ ಮ್ಯಾಲೆ ಕಾಲಿಟ್ ಬನ್ನಿ" ಎಂದ.

ಎಲ್ಲರೂ ರತ್ನಕ್ಕನ ಕಡೆ ತಿರುಗಿದರು.

"ಇಡಪಾ ತಮ್ಮಾ" ಎಂದರು ರತ್ನಕ್ಕ, ಮೆಲ್ಲಗೆ. "ಆಫೀಸ್ನಾಗೂ ಹಂಗೇ ಅಲ್ಲೇನು ಮ್ಯಾಲ ಬಂದಿದ್ದು."

ಹೇಮಂತ ಒಂದು ಕಾಲೆತ್ತಿದ. ಇಳಿಸಲಿಲ್ಲ. ಬಗ್ಗಿ ಶರಣಪ್ಪನ ಕಿವಿಯಲ್ಲಿ, "ಇಡ್ಲೇನೋ?" ಎಂದ. ಮೇಲೆ ಕೈಗಳೆಲ್ಲ ಚಾಚಿಕೊಂಡೇ ಇದ್ದವು. ಅವನು ಗುಂಡಿಯ ಗೋಡೆ ಹಿಡಿದು, ಒಂಟಿ ಕಾಲಿನ ಮೇಲೆ, ಶರಣಪ್ಪನ ಮುಖವನ್ನೇ ನೋಡುತ್ತ ನಿಂತಿದ್ದ.