ಕೆಂಪು ಪದರ

ಯಾವ ಕಾಲದಲ್ಲೋ ಆ ಸೀಮೆಯ ತುಂಬ ಬೆಂಕಿ ಹೊಳೆಯಾಗಿ ಹರಿದು, ಆರಿ, ಕರಿಕಲ್ಲಾಯಿತು. ಕಲ್ಲು ಸವೆದು ಮಣ್ಣಾಯಿತು. ಅಷ್ಟಕ್ಕೇ ಬಿಟ್ಟಿತೇ? ಮತ್ತೆ ಬೆಂಕಿ ಹರಿಯಿತು. ಆ ಮಣ್ಣನ್ನು ಇಟ್ಟಿಗೆಯ ಹಾಗೆ ಸುಟ್ಟು ಕೆಂಪು ಮಾಡಿ, ಮೇಲೆ ಇನ್ನೊಂದು ಕಲ್ಲಿನ ಚಪ್ಪಡಿ ಮುಚ್ಚಿತು. ಆ ಚಪ್ಪಡಿ ಸವೆದು ಬಂದ ಕಪ್ಪು ಮಣ್ಣಿನಲ್ಲಿ ಈಗ ಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಜನ ಹೊಗಳುತ್ತಾರೆ. ಹೊಗಳಲಿ ಬಿಡಿ. ಅಡಿಯ ಕೆಂಪು ಪದರದ ಬುದ್ಧಿ ಬಾವಿ ತೋಡುವವರಿಗೆ ಗೊತ್ತು. ಒಣಗಿದ್ದಾಗ ಸಾಧು, ನೀರು ತಾಗಿದರೆ ಪುಡಿಪುಡಿ. ಆಮೇಲೆ ಮೇಲಿನ ಕಲ್ಲಿಗೆ ಆಸರೆಯೇ ಇರುವುದಿಲ್ಲ.

ಬಾವಿ ತೋಡುವ ಭಾವ, ಭಾಮೈದ ಇಬ್ಬರಿದ್ದರು. ಭಾವನ ಮಾವ, ಅಂದರೆ ಭಾಮೈದನ ಅಪ್ಪ, ಸತ್ತದ್ದು ಅಂಥದೇ ಪದರದಲ್ಲಿ. ಅವತ್ತು ಮೇಲೆ ಹಗ್ಗ ಹಿಡಿದು ನಿಂತಿದ್ದವನು ಭಾವನೇ. ಅಂಗೈ ಚರ್ಮ ಕಿತ್ತು ಬರುವ ತನಕ ಎಳೆದ. ಹಗ್ಗ ಬಂತು, ಮಾವ ಬರಲಿಲ್ಲ. ಭಾವ ಬೇಕೆಂದೇ ಕೈಬಿಟ್ಟ ಎಂದು ಯಾರೋ ಪುಣ್ಯಾತ್ಮರು ಭಾಮೈದನ ಕಿವಿ ಕಚ್ಚಿದರು. ಕೊನೇ ತನಕ ಎಳೆದೆ ಎಂದು ಭಾವ ಹೇಳಿದ್ದನ್ನು ಅವನು ನಂಬಲಿಲ್ಲ. ಅಂದಿನಿಂದ ಭಾಮೈದ ಭಾವನ ಜೊತೆ ಕೆಲಸವನ್ನೇನೋ ಮಾಡುತ್ತಾನೆ, ಮುಖ ಕೊಟ್ಟು ಮಾತಾಡುವುದಿಲ್ಲ.

"ಅಪ್ಪನ್ನ ಕಳ್ಕೊಂಡಿದ್ದೀನಿ. ತಮ್ಮನ್ನ ಜೀವಂತ ಕರ್ಕೊಂಡು ಬನ್ನಿ," ಎಂದು ಇವತ್ತು ಬೆಳಿಗ್ಗೆಯೂ ಭಾವನಿಗೆ ಹೆಂಡತಿ ಹೇಳಿಯೇ ಕಳಿಸಿದ್ದಳು.

ಈಗ ನೋಡಿದರೆ ಆ ತಮ್ಮ ಬಾವಿಯ ತಳದಲ್ಲಿ, ಚಪ್ಪಡಿಯ ಅಡಿಗೇ ನುಗ್ಗಿ ಕೆಂಪು ಮಣ್ಣು ಕೆರೆಯುತ್ತಿದ್ದಾನೆ! ಪದರದಿಂದ ನೀರು ಜಿನುಗುತ್ತಿತ್ತು.

"ಸಾಕು, ಮೇಲೆ ಬಾರೋ!"

"ಭಯ ಆದ್ರೆ ಮನೆಗೆ ಹೋಗಿ ಅಕ್ಕನ ಪಕ್ಕ ಕೂತ್ಕೊಳ್ಳಿ ಭಾವ."

"ನಿನ್ನ ದಮ್ಮಯ್ಯ ಅಂತೀನಿ, ಬಾ."

ಪಿಕಾಸಿಯ ಏಟು ಇನ್ನೂ ಜೋರಾಯಿತು. ಎಷ್ಟಾದರೂ ಅಪ್ಪನ ಮಗ, ಬೇಡ ಎಂದದ್ದನ್ನೇ ಮಾಡುವ ಜಾತಿ. ಅಷ್ಟರಲ್ಲಿ ಕಲ್ಲೊಳಗೆ ಚಟ್ ಎಂದಿತು. ಇಳಿದು ಎಳೆದು ತರುವಷ್ಟು ಹೊತ್ತಿಲ್ಲ. ಇವನನ್ನು ಮೇಲೆ ತರುವ ಮಾತು ಒಂದೇ ಒಂದು ಉಳಿದಿತ್ತು.

"ಕೇಳಿಸ್ಕೊಳ್ಳೋ! ನಿಮ್ಮಪ್ಪನ ಹಗ್ಗ ಬಿಟ್ಟವನು ನಾನೇ ಕಣೋ! ಬೇಕೂಂತಲೇ ಬಿಟ್ಟೆ! ಏನು ಕಿತ್ಕೊಳ್ತೀಯ?"

ಪಿಕಾಸಿ ನಿಂತಿತು.

ಹಗ್ಗದ ಏಣಿ ಹರಿದುಹೋಗುವ ಹಾಗೆ ಜಗ್ಗಿತು. ಬಂದವನೇ ಭಾವನ ಮೂತಿಗೆ ಗುದ್ದಿದ. ಹಲ್ಲು ಮುರಿಯಿತು. ಕೆಡವಿ, ಎದೆಯ ಮೇಲೆ ಕೂತು ಹಿಗ್ಗಾಮುಗ್ಗಾ ಬಾರಿಸಿದ. ಮುಖಕ್ಕೆ ಅಡ್ಡ ಹಿಡಿದ ಕೈಗಳನ್ನು ಕಿತ್ತು ಜಲ್ಲಿಗೆ ಉಜ್ಜಿ ಉಜ್ಜಿ ಒತ್ತಿದ. ಭಾವ ಒಂದೇಟೂ ತಿರುಗಿಸಿ ಹೊಡೆಯಲಿಲ್ಲ. ಹೊಡಿ ಮಗನೇ, ಇಲ್ಲೇ ಇದ್ದು ಹೊಡಿ, ಕೆಳಗೆ ಮಾತ್ರ ಹೋಗಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಭಾಮೈದ ತಲೆಗಾತ್ರದ ಕಲ್ಲೊಂದನ್ನು ಎತ್ತಿ ಹಿಡಿದ.

ಆಗ ನೆಲ ಗುಡುಗಿತು. ಬಾವಿಯೊಳಗೆ ಚಪ್ಪಡಿಗೆ ಚಪ್ಪಡಿಯೇ ಕಳಚಿ ಬಿತ್ತು. ಏಣಿ, ರಾಟೆ, ಬುಟ್ಟಿ ಎಲ್ಲವನ್ನೂ ಎಳೆದುಕೊಂಡು ಹೋಯಿತು. ಕೆಂಪು ಧೂಳು ಮೇಲೆದ್ದು ಇಬ್ಬರ ಬಾಯಿಗೂ ಮೂಗಿಗೂ ತುಂಬಿತು.

ಭಾಮೈದ ಕಲ್ಲು ಕೆಳಗಿಟ್ಟ. ಬಾವಿಯ ಕಡೆ ನೋಡಿದ. ಆಮೇಲೆ ಎಷ್ಟೋ ವರ್ಷಗಳ ನಂತರ ಮೊದಲ ಸಲ ಭಾವನ ಮುಖ ನೋಡಿದ.

"ನಾನು ಮೇಲೆ ಬರ್ಲೀಂತ ಅಂದ್ರಾ ಹಾಗೆ?"

"ಹೂಂ. ಸುಳ್ಳು ಹೇಳಿದೆ."

"ಯಾವುದು ಸುಳ್ಳು? ಅವತ್ತು ಹೇಳಿದ್ದಾ, ಇವತ್ತು ಹೇಳಿದ್ದಾ?"

ಭಾವ ಅಂಗೈಗಳನ್ನು ಚಾಚಿದ. ಹಗ್ಗ ಉಜ್ಜಿದ ಹಳೆಯ ಕಲೆಗಳ ಮೇಲೆ ಹೊಸ ರಕ್ತ, ಕೆಂಪು ಮಣ್ಣು. ಕಲೆ ಒಂದೂ ಕಾಣುತ್ತಿರಲಿಲ್ಲ.

ಭಾಮೈದ ಮುಖ ತಿರುಗಿಸಿದ. "ನೀವು ಅಂದಿದ್ದನ್ನ ಅಕ್ಕನಿಗೆ ಹೇಳ್ತೀನಿ."

ಅವಳೂ ಅನುಮಾನ ಪಟ್ಟರೆ ಗತಿ ಏನು? ಭಾವ ಬಾಯೊಳಗಿನ ಹಲ್ಲಿನ ಚೂರು ಉಗಿದು ಹೇಳಿದ:

"ಹೇಳು ಹೋಗಪ್ಪ. ನಿನ್ನ ಕಾಲಲ್ಲೇ ನಡ್ಕೊಂಡು ಹೋಗಿ ಹೇಳು."